ಅಮ್ಮಾಜಮ್ಮನ ಎರಡು ಸಾಕ್ಷಿ

ಬಂಗಾರಪೇಟೆ ಸ್ಟೇಷನ್ ಎದುರಿನ ಲಾಯರ್ ಜಯರಾಮಪ್ಪನವರ ಆಫೀಸಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದೆ. ಗಂಡ ಬಿಟ್ಟುಹೋದ ಹೆಂಗಸರು ಆ ಮೆಟ್ಟಿಲು ಹತ್ತುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಅವನನ್ನು ಹೇಗಾದರೂ ಮಾಡಿ ವಾಪಸು ಕರೆಸಿ ಎನ್ನುವವರು ಅರ್ಧ, ಹೊಟ್ಟೆಗೆ ದಾರಿ ಮಾಡಿಸಿ ಎನ್ನುವವರು ಇನ್ನರ್ಧ. ಹಾಗಾಗಿ ಯಾರಾದರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದರೆ, ಅವರು ಬಾಯಿ ಬಿಡುವ ಮೊದಲೇ ನಾನು ಅರ್ಜಿಯ ಮೊದಲ ನಾಲ್ಕು ಸಾಲು ಬರೆದಿಟ್ಟುಬಿಡುತ್ತಿದ್ದೆ. ಅಷ್ಟು ಸೊಕ್ಕು ನನಗೆ.

1959ರ ಬೇಸಿಗೆಯಲ್ಲಿ ಬಂದ ಕದಿರಮ್ಮ ಕಣ್ಣೊರೆಸಿಕೊಳ್ಳಲಿಲ್ಲ. ಖಾಲಿ ಸೊಪ್ಪಿನ ಪುಟ್ಟಿಯನ್ನು ಬಾಗಿಲ ಪಕ್ಕದಲ್ಲಿಟ್ಟು, ಲಾಯರ ಎದುರು ನೆಟ್ಟಗೆ ನಿಂತು ಹೇಳಿದಳು.

"ನಂಗೆ ಬಿಡುಗಡೆ ಬೇಕು ಸ್ವಾಮಿ. ನಾನು ಇನ್ನೊಬ್ರ ಜೊತೆ ಕೂಡಿಕೆ ಆಗ್ಬೇಕು."

ಕೂಡಿಕೆ ಎಂದರೆ ಅವರ ಕುಲದಲ್ಲಿ ಹೆಣ್ಣಿನ ಎರಡನೇ ಮದುವೆ. ವಾಲಗವಿಲ್ಲ, ಚಪ್ಪರವಿಲ್ಲ. ಹಿರಿಯರ ಎದುರು ಗಂಡು ಒಂದು ಹೊಸ ಸೀರೆ ಕೊಟ್ಟು, ವೀಳ್ಯ ಹಂಚಿದರೆ ಮುಗಿಯಿತು. ಗಂಡ ಸತ್ತವಳಿಗೂ ಉಂಟು, ಬಿಡುಗಡೆ ಆದವಳಿಗೂ ಉಂಟು, ಅದಕ್ಕೆ ಯಾರೂ ಮೂಗು ಮುರಿಯುವುದಿಲ್ಲ. ಮೂಗು ಮುರಿದವನು ನಾನೊಬ್ಬನೇ. ನನ್ನ ತುಟಿಯ ಮೇಲೆ ಒಂದು ಕೊಂಕುನಗೆ ಬಂದಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳ ಹಿಂದೆ, ಹೊಸ್ತಿಲ ಹತ್ತಿರ, ಅರವತ್ತು ದಾಟಿದ ಒಬ್ಬ ಮುದುಕಿ ಎಲೆ ಅಡಿಕೆ ಅಗಿಯುತ್ತಾ ಕುಳಿತಿದ್ದಳು.

"ನಿಮ್ಮ ತಾಯೀನೇನಮ್ಮ?" ಎಂದು ಲಾಯರು ಕೇಳಿದರು.

"ಅಲ್ಲ ಸ್ವಾಮಿ, ನಮ್ಮತ್ತೆ. ಅವ್ನ ತಾಯಿ."

ಜಯರಾಮಪ್ಪನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಗಂಡನಿಂದ ಬಿಡುಗಡೆ ಕೇಳಲು ಅತ್ತೆಯನ್ನೇ ಜೊತೆಗೆ ಕರೆತಂದವಳನ್ನು ಅವರೂ ಅದೇ ಮೊದಲು ನೋಡಿದ್ದು.

ಕಥೆ ದೊಡ್ಡದೇನಲ್ಲ. ಬಂಗಾರಪೇಟೆಯಿಂದ ಮೂರು ಮೈಲಿಯ ಹಳ್ಳಿ ಅವರದು. ಗಂಡ ಚಿಕ್ಕಮುನಿಯಪ್ಪ, ಈ ಮುದುಕಿ ಅಮ್ಮಾಜಮ್ಮನಿಗೆ ಒಬ್ಬನೇ ಮಗ. ಮದುವೆಗೆ ಮೊದಲೇ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ವಾರ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ಹಬ್ಬಕ್ಕೆ ಹಬ್ಬವಾಯಿತು, ಆಮೇಲೆ ಅದೂ ನಿಂತಿತು. ಚಾಂಪಿಯನ್ ರೀಫ್ಸಿನಲ್ಲಿ ಗಣಿಯವರು ಕಾರ್ಮಿಕರಿಗೆ ಕಟ್ಟಿಸಿದ ಲೈನು ಮನೆಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ, ಎರಡು ಮಕ್ಕಳೂ ಇವೆ ಎಂದು ಸುದ್ದಿ ಬಂತು. ಅವನ ಮುಖ ನೋಡದೆ ನಾಲ್ಕು ವರ್ಷವಾಗಿತ್ತು. ಕದಿರಮ್ಮ ಒಂದೂವರೆ ಎಕರೆ ಹೊಲದಲ್ಲಿ ಸೊಪ್ಪು ಬೆಳೆದು, ಬೆಳಗಿನ ರೈಲಿಗೆ ಗಣಿಯ ಕಡೆಯ ಕೋರಮಂಡಲ್‌ಗೆ ಹೋಗಿ ಮಾರಿ, ಅತ್ತೆಯನ್ನು ಸಾಕುತ್ತಿದ್ದಳು. ಕೋರಮಂಡಲ್ ಸ್ಟೇಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಸೀನಪ್ಪ ಎಂಬ ಗ್ಯಾಂಗ್‌ಮನ್ ಇದ್ದ. ಹೆಂಡತಿ ತೀರಿಕೊಂಡವನು, ರೈಲ್ವೆ ಮನೆಯಲ್ಲಿ ಒಬ್ಬನೇ ಇದ್ದ. ದಿನಾ ಅವಳ ತಲೆಗೆ ಪುಟ್ಟಿ ಎತ್ತಿ ಕೊಡುತ್ತಿದ್ದ. ಎರಡು ವರ್ಷ ಬರೀ ಪುಟ್ಟಿ ಎತ್ತಿ ಕೊಟ್ಟ ಮೇಲೆ ಒಂದು ದಿನ ಬಾಯಿ ಬಿಟ್ಟು ಕೇಳಿದನಂತೆ. ಅಷ್ಟು ನಿಧಾನಸ್ಥ.

"ನಿಮ್ಮ ಕುಲದಲ್ಲಿ ಬಿಡುಗಡೆ ಹೇಗೆ ಕೊಡ್ತಾರೆ?" ಎಂದರು ಲಾಯರು.

"ನಮ್ ಕುಲದೋರು ನ್ಯಾಯಕ್ಕೆ ಕೂಡೋ ಕಟ್ಟೆಮನೇಲಿ ಯಜಮಾನ್ರ ಮುಂದೆ ಗಂಡ ಬಂದು, ಇವ್ಳು ನನ್ ಎಂಡ್ತಿ ಅಲ್ಲ ಅಂತ ಬಾಯ್ಬಿಟ್ಟು ಏಳ್ಬೇಕು. ಅಷ್ಟೇ. ಯಜಮಾನ್ರು ಮೂರ್ ಸಲ ಏಳ್ಕಳ್ಸಿದ್ರು, ಬರ್ಲಿಲ್ಲ. ನಾನೆಲ್ಲಿ ಬಿಟ್ಟಿದೀನಿ, ಅವ್ಳು ಅಲ್ಲೇ ಇದ್ಕೊಂಡು ನಮ್ಮಮ್ಮನ್ನ ನೋಡ್ಕೊಳ್ಲಿ ಅಂತ ಏಳ್ಕಳಿಸವ್ನೆ."

ನನಗೆ ಮೈ ಉರಿಯಿತು. ತಾನು ಅಲ್ಲಿ ಹಾಯಾಗಿರಲು, ತಾಯಿಯ ಚಾಕರಿಗೆ ಇವಳನ್ನು ಇಲ್ಲಿ ಕಟ್ಟಿಹಾಕಿದ್ದ. ಬಿಡುಗಡೆ ಕೊಟ್ಟರೆ ಮುದುಕಿ ಗಂಟು ಕಟ್ಟಿಕೊಂಡು ಲೈನು ಮನೆಗೆ ಬಂದಾಳು ಎಂಬ ಭಯ ಅವನಿಗೆ. ಅಮ್ಮಾಜಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಎಲೆ ಅಗಿಯುತ್ತಲೇ ಇದ್ದಳು.

ಲಾಯರು ದಾರಿಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ನಾಲ್ಕು ವರ್ಷದ ಹಿಂದೆ ಬಂದ ಹೊಸ ಹಿಂದೂ ಮದುವೆ ಕಾನೂನಿನಲ್ಲಿ, ಎರಡು ವರ್ಷ ಬಿಟ್ಟುಹೋದವನಿಂದ ಬೇರೆ ಇರಲು ಕೋರ್ಟಿನ ತೀರ್ಪು ಸಿಗುತ್ತದೆ. ಆ ತೀರ್ಪಾದ ಮೇಲೆ ಇನ್ನೂ ಎರಡು ವರ್ಷ ಇಬ್ಬರೂ ಒಂದಾಗದಿದ್ದರೆ ಆಗ ವಿಚ್ಛೇದನ.

"ಅಪೀಲು ಗಿಪೀಲು ಅಂತ ಹೋದರೆ ಆರು ವರ್ಷ ಅಂದ್ಕೊಳಮ್ಮ."

"ಆರು ವರ್ಷಕ್ಕೆ ನಂಗೆ ಮೂವತ್ತೇಳಾಗ್ತದೆ ಸ್ವಾಮಿ. ಆಮೇಲೆ ಮಕ್ಳು ಮರಿ ಅಂತ ಯಾವಾಗ?"

"ಅವನು ಆ ಇನ್ನೊಬ್ಬಳನ್ನ ಶಾಸ್ತ್ರೋಕ್ತವಾಗಿ ಮದುವೆ ಆಗಿದ್ದರೆ ಅದು ಅಪರಾಧ. ಜೈಲಿಗೆ ಕಳಿಸಬಹುದು."

ಅಮ್ಮಾಜಮ್ಮ ಆಗ ಮೊದಲ ಸಲ ಬಾಯಿ ಬಿಟ್ಟಳು. "ಜೈಲು ಬ್ಯಾಡ ಸ್ವಾಮಿ. ಅವ್ನ ಕೆಲ್ಸಕ್ಕೂ ಏನೂ ಆಗ್ಬಾರ್ದು. ಆ ಮಕ್ಳು ಏನ್ ಮಾಡವೆ ಪಾಪ. ಆದ್ರೆ ಇವ್ಳಿಗೆ ಬಿಡುಗಡೆ ಆಗ್ಬೇಕು."

"ನಿಮ್ಮ ಸೊಸೆ ಹೋದರೆ ನಿಮ್ಮನ್ನ ನೋಡ್ಕೊಳ್ಳೋರು ಯಾರಮ್ಮ?"

"ನನ್ನನ್ನ ನೋಡ್ಕೊಳ್ಳಾಕೆ ಅಂತ ಇವ್ಳು ಮದ್ವೆ ಆಗಿದ್ದಾ?"

ಲಾಯರು ಕಾನೂನಿನ ಪುಸ್ತಕ ಬಿಡಿಸಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, ಕುಲದ ಪದ್ಧತಿಯಲ್ಲಿ ಬಿಡುಗಡೆ ಇದ್ದರೆ ಹೊಸ ಕಾನೂನು ಅದನ್ನು ಮುಟ್ಟಿಲ್ಲ, ಹಾಗೇ ಉಳಿಸಿದೆ, ಅದೇ ಹತ್ತಿರದ ದಾರಿ ಎಂದರು. ಆದರೆ ಗಂಡ ಬಾಯಿ ಬಿಡಬೇಕಲ್ಲ? ಅದಕ್ಕೊಂದು ಉಪಾಯ ಹೂಡಿದರು. ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕುವುದು. ಸಂಬಳಕ್ಕೆ ಕತ್ತರಿ ಬೀಳುತ್ತದೆ ಎಂದು ಗೊತ್ತಾದರೆ ತಾನಾಗಿ ಓಡಿಬಂದು ಕಟ್ಟೆಮನೆಯಲ್ಲಿ ಕೂರುತ್ತಾನೆ.

ಅರ್ಜಿ ಬರೆದವನು ನಾನು. ಚಿಕ್ಕಮುನಿಯಪ್ಪ, ಗಣಿ ಕಾರ್ಮಿಕ, ಚಾಂಪಿಯನ್ ರೀಫ್ಸ್ ಎಂದು ದುಂಡಗೆ ಬರೆದೆ. ಹದಿನೈದು ದಿನಕ್ಕೆ ಸಮನ್ಸು ಹೋದ ಹಾಗೆಯೇ ವಾಪಸು ಬಂತು. ಆ ಹೆಸರಿನ ಕಾರ್ಮಿಕ ಯಾರೂ ಇಲ್ಲ ಎಂದು ಷರಾ ಬರೆದಿದ್ದರು.

ಲಾಯರು ನನ್ನನ್ನು ಬೈದರು. ಬೈಸಿಕೊಂಡು, ಮಾರನೆಯ ದಿನ ಕದಿರಮ್ಮನನ್ನು ಕರೆದುಕೊಂಡು ಮಾರಿಕುಪ್ಪಂ ರೈಲು ಹತ್ತಿದೆ. ಚಾಂಪಿಯನ್ ರೀಫ್ಸಿನಲ್ಲಿ ಇಳಿದು ಲೈನಿನ ನಲ್ಲಿಯ ಹತ್ತಿರ ಕೇಳಿದರೆ, ಚಿಕ್ಕಮುನಿಯಪ್ಪನಾ, ಅಂಥವರು ಇಲ್ಲಿಲ್ಲ ಎಂದರು. ಕೊನೆಗೆ ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕಾದು ನಿಂತೆವು. ಗಣಿಯಿಂದ ಮೇಲೆ ಬಂದವರು ಸಾಲಾಗಿ ನಿಂತು, ತಮ್ಮ ತಮ್ಮ ಹಾಜರಿಯ ಹಿತ್ತಾಳೆ ಬಿಲ್ಲೆ ಒಪ್ಪಿಸಿ ಹೊರಡುತ್ತಿದ್ದರು.

"ಅಗೋ, ಅವ್ನೇ," ಎಂದಳು ಕದಿರಮ್ಮ. ನಾಲ್ಕು ವರ್ಷದ ಮೇಲೆ ಗಂಡನನ್ನು ಕಂಡವಳು ಅಷ್ಟೇ ಹೇಳಿದ್ದು.

ಅದೇ ಹೊತ್ತಿಗೆ ಒಳಗಿನಿಂದ ಗಣಿಯ ಗುಮಾಸ್ತ "ಆರುಮುಗಂ!" ಎಂದು ಕೂಗಿದ. ಚಿಕ್ಕಮುನಿಯಪ್ಪ ಮುಂದೆ ಬಂದು ಬಿಲ್ಲೆ ಕೊಟ್ಟ.

ಟೀ ಅಂಗಡಿಯ ಮುದುಕ ನನ್ನ ಮುಖ ನೋಡಿ ನಕ್ಕ. ಅವನೂ ಗಣಿಯಲ್ಲಿ ದುಡಿದವನೇ.

"ಎನ್ನ ಸಾರ್, ತಾಯಿ ಇಟ್ಟ ಪೇರು ಕೇಳ್ಕೊಂಡು ಗಣಿಗೆ ಬಂದ್ರಾ? ಹನ್ನೆರಡು ವರ್ಷ ಮುಂದೆ ಆರ್ಕಾಟ್ ಕಡೆ ಹುಡ್ಗ ಒಬ್ಬ, ಆರುಮುಗಂ ಅಂತ, ಡಾಕ್ಟರ್ ಪರೀಕ್ಷೇಲಿ ಪಾಸಾದ. ಆಳ ನೋಡಿ ಹೆದರ್ಕೊಂಡು ರಾತ್ರೋರಾತ್ರಿ ಊರಿಗೆ ಓಡ್ಬಿಟ್ಟ. ಮೇಸ್ತ್ರಿ ಆಳು ಕಮ್ಮಿ ಬೀಳ್ತದಲ್ಲ ಅಂತ ಈತನ ಕೈಗೆ ಆ ಬಿಲ್ಲೆ ಕೊಟ್ಟ. ಅಂದಿನಿಂದ ಈತ ಆರುಮುಗಂ. ಇಂಥೋರು ಇನ್ನೂ ಅವ್ರೆ."

ಗಣಿಯ ಪುಸ್ತಕದಲ್ಲಿ, ಲೈನು ಮನೆಯಲ್ಲಿ, ಆ ಇನ್ನೊಬ್ಬಳ ಬಾಯಲ್ಲಿ ಎಲ್ಲ ಕಡೆಯೂ ಅವನು ಆರುಮುಗಂ. ಚಿಕ್ಕಮುನಿಯಪ್ಪ ಎಂಬವನು ಬಂಗಾರಪೇಟೆಯಾಚೆಯ ಹಳ್ಳಿಯಲ್ಲಿ ಮಾತ್ರ ಇದ್ದ.

ಇದನ್ನು ಕೇಳಿ ಜಯರಾಮಪ್ಪನವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಅವನೇ ಚಿಕ್ಕಮುನಿಯಪ್ಪ ಎಂದು ಸಾಬೀತು ಮಾಡಿದರೆ, ಬೇರೆಯವನ ಹೆಸರಿನಲ್ಲಿ ದುಡಿದದ್ದಕ್ಕೆ ಕೆಲಸ ಹೋಗುತ್ತದೆ, ಕೆಲಸವಿಲ್ಲದವನಿಂದ ಜೀವನಾಂಶವೂ ಇಲ್ಲ, ಸಿಟ್ಟಿಗೆದ್ದವನಿಂದ ಬಿಡುಗಡೆಯೂ ಇಲ್ಲ. ಸಾಬೀತು ಮಾಡದಿದ್ದರೆ ಇವಳಿಗೆ ಗಂಡನೇ ಇಲ್ಲ.

"ಅವ್ನು ಕೋರ್ಟಲ್ಲಿ ಏನಂತಾನೆ ಸ್ವಾಮಿ?" ಎಂದು ಕದಿರಮ್ಮ ಕೇಳಿದಳು.

"ನಾನು ಆರುಮುಗಂ, ಇವಳು ಯಾರೋ ಗೊತ್ತಿಲ್ಲ ಅಂತಾನೆ. ಇನ್ನೇನು?"

"ಅದನ್ನ ಬರ್ಕೊಂತಾರಾ?"

"ಪ್ರತಿ ಮಾತೂ ಬರ್ಕೋತಾರೆ."

ಅದನ್ನು ಯಾಕೆ ಕೇಳಿದಳೆಂದು ಲಾಯರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಹೆಸರಿನ ಮುಂದೆ 'ಉರುಫ್ ಆರುಮುಗಂ' ಎಂದು ಸೇರಿಸಿ ಅರ್ಜಿ ತಿದ್ದಿದೆ. ಗುರುತಿಸಲು ತಾಯಿಗಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಲಾಯರು ಅಮ್ಮಾಜಮ್ಮನ ಹೆಸರನ್ನು ಸಾಕ್ಷಿ ಪಟ್ಟಿಯಲ್ಲಿ ಬರೆಸಿದರು. ಮುದುಕಿ ಇನ್ನೊಂದು ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

ಆಷಾಢದಲ್ಲಿ ರಾಬರ್ಟ್‌ಸನ್‌ಪೇಟೆಯ ಕೋರ್ಟಿನಲ್ಲಿ ಕೇಸು ಬಂತು. ಅವನು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದಿದ್ದ. ಹೆಂಡತಿಯ ಕಡೆ ನೋಡಲಿಲ್ಲ. ತಾಯಿಯನ್ನು ಮಾತ್ರ ಒಂದು ಸಲ ನೋಡಿ ಕಣ್ಣು ಕೆಳಗೆ ಮಾಡಿದ.

ಮೊದಲು ಕದಿರಮ್ಮ ತನ್ನದನ್ನು ಹೇಳಿದಳು. ಆಮೇಲೆ ಅಮ್ಮಾಜಮ್ಮ ಕಟಕಟೆ ಹತ್ತಿ ಪ್ರಮಾಣ ಮಾಡಿದಳು. "ಇಲ್ಲಿ ನಿಂತಿರೋನು ನಿಮ್ಮ ಮಗ ಚಿಕ್ಕಮುನಿಯಪ್ಪ ತಾನೆ?" ಎಂದು ಜಯರಾಮಪ್ಪನವರು ಕೇಳಿದರು.

ಅಮ್ಮಾಜಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾನೊಬ್ಬ ಮಗನ್ನ ಎತ್ತಿದ್ದು ನಿಜ ಸ್ವಾಮಿ. ಇವ್ನು ಅವ್ನೋ ಅಲ್ವೋ ಅವ್ನೇ ಏಳ್ಲಿ. ಅವ್ನೇನಂತಾನೋ ಅದಕ್ಕೆ ನಾನು ಒಪ್ಕೊಂತೀನಿ."

"ಹಾಗೆಲ್ಲ ಆಗಲ್ಲಮ್ಮ, ಹೌದು ಅಥವಾ ಅಲ್ಲ ಅನ್ನಬೇಕು," ಎಂದು ಮ್ಯಾಜಿಸ್ಟ್ರೇಟರು ಗದರಿದರು. ಮುದುಕಿ ಕೈ ಮುಗಿದಳೇ ಹೊರತು ಮಾತು ಬದಲಿಸಲಿಲ್ಲ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ಅವನ ಕಡೆ ತಿರುಗಿದರು. ಅವನಿಂದಲೂ ಪ್ರಮಾಣ ಮಾಡಿಸಿ ಕೇಳಿದರು.

ಅವನು ತಮಿಳಿನಲ್ಲಿ ಉತ್ತರ ಹೇಳಿದ. ಹನ್ನೆರಡು ವರ್ಷದ ತಮಿಳು, ಎಲ್ಲೂ ತಡವರಿಸಲಿಲ್ಲ. ತನ್ನ ಹೆಸರು ಆರುಮುಗಂ, ಊರು ಆರ್ಕಾಟ್ ಕಡೆ, ಈ ಹೆಂಗಸು ತನ್ನ ಹೆಂಡತಿಯಲ್ಲ ಎಂದ. ಕೋರ್ಟಿನ ಗುಮಾಸ್ತ ಅದನ್ನು ಕನ್ನಡಕ್ಕೆ ತಿರುಗಿಸುತ್ತಾ ಹೋದ. ಮಗ ತಮಿಳು ಮಾತಾಡುವುದನ್ನು ಅಮ್ಮಾಜಮ್ಮ ಅಂದೇ ಮೊದಲು ಕೇಳಿದ್ದು.

"ಈಕೆ ನಿನ್ನ ತಾಯಿಯೋ?"

ಅಲ್ಲಿ ಅವನು ನಿಂತ. ಕಿಟಕಿಯಾಚೆ ಯಾರೋ ಸೈಕಲ್ ಗಂಟೆ ಬಾರಿಸುತ್ತಾ ಹೋದದ್ದು ನನಗೆ ನೆನಪಿದೆ. ಹೌದು ಎಂದುಬಿಡು ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಎದುರಾಳಿಯ ಪರವಾಗಿ ನಾನು ಹಾಗೆ ಬೇಡಿಕೊಂಡದ್ದು ಅದೊಂದೇ ಸಲ.

"ಇಲ್ಲೆ," ಎಂದ. "ಇವಂಗ ಎನ್ ಅಮ್ಮಾ ಇಲ್ಲೆ."

ಈಕೆ ತನ್ನ ತಾಯಿಯಲ್ಲವಂತೆ ಎಂದು ಗುಮಾಸ್ತ ಕನ್ನಡದಲ್ಲಿ ಹೇಳಲು ಬಾಯಿ ತೆರೆದ. ಅಮ್ಮಾಜಮ್ಮ ಕೈ ಎತ್ತಿ ತಡೆದಳು. ಅದು ಅವಳಿಗೆ ಅರ್ಥವಾಗಿತ್ತು.

"ಅಂಗಾದ್ರೆ ಅಲ್ಲ ಸ್ವಾಮಿ. ಇವ್ನು ನನ್ ಮಗ ಅಲ್ಲ. ಬರ್ಕೊಳಿ," ಎಂದು ಕಟಕಟೆಯಿಂದ ಇಳಿದಳು.

ಜಯರಾಮಪ್ಪನವರು ಕೆಂಪಗಾದರು. ವಾಯಿದೆ ಕೇಳುತ್ತೇನೆ, ಊರಿನ ಶಾನುಭೋಗರನ್ನು ಕರೆಸುತ್ತೇನೆ, ಮದುವೆಗೆ ಬಂದವರನ್ನೆಲ್ಲ ಕರೆಸುತ್ತೇನೆ ಎಂದು ಎದ್ದರು. ಕದಿರಮ್ಮ ಅವರ ಕರಿ ಕೋಟಿನ ಅಂಚು ಹಿಡಿದಳು.

"ಸಾಕು ಸ್ವಾಮಿ. ಎಂಡ್ತಿ ಅಲ್ಲ ಅಂದ್ನಲ್ಲ, ಅದ್ರ ನಕಲು ಕೊಡ್ಸಿ."

ಆಗ ನನಗೆ ಎಲ್ಲವೂ ಹೊಳೆಯಿತು. ಕಟ್ಟೆಮನೆಗೆ ಮೂರು ಸಲ ಕರೆದರೂ ಬಾರದವನ ಬಾಯಿಂದ ಯಾವ ಮಾತು ಬರಬೇಕಿತ್ತೋ ಆ ಮಾತನ್ನು ಅವಳು ಸರ್ಕಾರದ ಕೈಲೇ ಆಡಿಸಿದ್ದಳು. ಅರ್ಜಿ ವಜಾ ಆಯಿತು. ಸೋತ ಕೇಸಿನ ನಕಲಿಗೆ ನಾನು ಅಷ್ಟು ಉತ್ಸಾಹದಿಂದ ಓಡಾಡಿದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಹೊರಗೆ ಅವನು ತನ್ನ ಕಡೆಯವರನ್ನು ಬಿಟ್ಟು, ಬೇಲಿಯ ಪಕ್ಕದಿಂದ ಬಂದು ಮೆಲ್ಲಗೆ "ಅಮ್ಮಾ" ಎಂದ. ಅಮ್ಮಾಜಮ್ಮ ನಿಲ್ಲಲಿಲ್ಲ. "ಯಾರಪ್ಪ ನೀನು? ನಿಮ್ಮಮ್ಮ ಆರ್ಕಾಟ್‌ನಾಗೆ ಅವ್ಳಂತಲ್ಲ," ಎಂದು ಸ್ಟೇಷನ್ ದಾರಿ ಹಿಡಿದಳು. ರೈಲಿನಲ್ಲಿ ಬಂಗಾರಪೇಟೆ ಬರುವವರೆಗೂ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅತ್ತಳೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.

ಮುಂದಿನ ಭಾನುವಾರ ಹಳ್ಳಿಯ ಹೊಂಗೆಮರದ ಕೆಳಗೆ ಕಟ್ಟೆಮನೆ ಕೂಡಿತು. ನಕಲು ಓದುವುದಕ್ಕೆ ನನ್ನನ್ನು ಕರೆಸಿದ್ದರು. ಸೀನಪ್ಪ ಒಗೆದ ಪಂಚೆ ಉಟ್ಟು, ಹೊಸ ಸೀರೆಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ದೂರದ ಕಲ್ಲಿನ ಮೇಲೆ ಕುಳಿತಿದ್ದ. ನಾನು ಗಟ್ಟಿಯಾಗಿ ಓದಿದೆ. ಯಜಮಾನರು ತಲೆದೂಗಿದರು. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಪಾಪಣ್ಣ ಎಂಬ ಹಿರಿಯ ಎದ್ದು ನಿಂತ. ಇಂಥ ಒಬ್ಬ ಎಲ್ಲ ಸಭೆಯಲ್ಲೂ ಇರುತ್ತಾನೆ. ಕರಿ ಕೋಟು ಹಾಕಿದ್ದರೆ ನಮ್ಮ ಲಾಯರಿಗೆ ಅನ್ನ ಇರುತ್ತಿರಲಿಲ್ಲ.

"ಅಲ್ಲಣ್ಣೋ, ಈ ಕಾಗ್ದದಾಗೆ ಎಂಡ್ತಿ ಅಲ್ಲ ಅಂದಿರೋನು ಆರ್ಕಾಟ್ ಆರುಮುಗಂ. ಯಾವನೋ ಆರುಮುಗಂ ಇವ್ಳು ನನ್ ಎಂಡ್ತಿ ಅಲ್ಲ ಅಂದ್ರೆ ನಮ್ ಚಿಕ್ಕಮುನಿಯಪ್ಪನ ಮಾತು ಎಂಗಾಯ್ತದೆ? ನಾನೂ ಅಂತೀನಿ ಇವ್ಳು ನನ್ ಎಂಡ್ತಿ ಅಲ್ಲ ಅಂತ. ಬಿಡುಗಡೆ ಆಯ್ತಾ?"

ಕೆಲವರು ನಕ್ಕರು. ಹೇಳಿಕೆಯಲ್ಲಿ ಇದ್ದದ್ದು ಅದೇ, ನನ್ನ ಕೈಯಲ್ಲೇ ಇತ್ತು. ಕದಿರಮ್ಮ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ. ಸೀನಪ್ಪ ಕಲ್ಲಿನ ಮೇಲಿಂದ ಎದ್ದು ನಿಂತು, ಏನು ಮಾಡಲೂ ತೋಚದೆ ಮತ್ತೆ ಕುಳಿತ.

ಅಮ್ಮಾಜಮ್ಮ ಹೆಂಗಸರ ನಡುವಿನಿಂದ ಎದ್ದು ಬಂದು ಯಜಮಾನರ ಎದುರು ನಿಂತಳು.

"ಅವ್ನು ನನ್ ಮಗ ಚಿಕ್ಕಮುನಿಯಪ್ಪನೇ ಕಣಣ್ಣ. ನನ್ ಒಟ್ಟೇಲಿ ಉಟ್ಟಿದೋನು. ನಾನು ಎದ್ರಿಗೆ ನಿಂತಿದ್ದೆ. ನನ್ ಕಣ್ಮುಂದೆ ಇವ್ಳನ್ನ ಎಂಡ್ತಿ ಅಲ್ಲ ಅಂದ. ಈ ಕಟ್ಟೆ ಮೇಲೆ ಕೈ ಇಟ್ಟು ಏಳ್ತೀನಿ."

"ಮತ್ತೆ ಕೋರ್ಟಲ್ಲಿ ನನ್ ಮಗ ಅಲ್ಲ ಅಂದ್ಯಂತಲ್ಲಕ್ಕ?" ಎಂದ ಪಾಪಣ್ಣ. "ಅಲ್ಲೊಂದು, ಇಲ್ಲೊಂದಾ?"

"ಅಲ್ಲಿ ಅವ್ನು ನಾನು ತಾಯಿ ಅಲ್ಲ ಅಂದ, ಅಂಗೇ ಆಗ್ಲಿ ಅಂದೆ. ಅವ್ನ ಅನ್ನ ಉಳೀತು. ಇಲ್ಲಿ ಇವ್ಳ ಬಾಳು ಉಳೀಬೇಕು. ಎರಡು ಕಡೆ ಎರಡು ಮಾತಾಡ್ದೆ, ತಪ್ಪಾಗಿದ್ರೆ ನಂಗೆ ದಂಡ ಆಕಿ. ಇವ್ಳನ್ನ ಬಿಡಿ."

ಪಾಪಣ್ಣ ಟವೆಲಿನಿಂದ ಮುಖ ಒರೆಸಿಕೊಂಡು ಕೂತ. ಯಜಮಾನರು ಯಾರ ಕಡೆಗೂ ನೋಡದೆ, ಬಿಡುಗಡೆ ಆಯಿತು ಎಂದು ಮೂರು ಸಲ ಹೇಳಿದರು. ದಂಡದ ಮಾತನ್ನು ಯಾರೂ ಎತ್ತಲಿಲ್ಲ. ಕದಿರಮ್ಮ ಕತ್ತಿನ ತಾಳಿ ಬಿಚ್ಚಿ ಅಮ್ಮಾಜಮ್ಮನ ಅಂಗೈಗೆ ಹಾಕಿದಳು. ಹಾಕಿದವಳು ಕೈ ಬಿಡಲಾರದೆ ಹಿಡಿದುಕೊಂಡೇ ನಿಂತಳು.

"ಅತ್ತೆ, ನೀನೂ ಬಾ. ನೀನಿಲ್ದೆ ನಾನೋಗಲ್ಲ."

"ಉಚ್ಚು ಮುಂಡೇದೆ, ಇಷ್ಟೆಲ್ಲ ಮಾಡಿದ್ದು ಓಗ್ದೆ ಇರಾಕಾ?" ಎಂದಳು ಅಮ್ಮಾಜಮ್ಮ. ಸೆರಗಿನಲ್ಲಿ ಅವಳ ಕಣ್ಣೊರೆಸಿದಳು. ಆಮೇಲೆ ಕಲ್ಲಿನ ಮೇಲೆ ಕುಳಿತಿದ್ದವನ ಕಡೆಗೆ ಕತ್ತು ತಿರುಗಿಸಿದಳು.

"ಒಲ ಬೇಕಾದ್ರೆ ಯಾರ್ಗಾದ್ರೂ ವಾರಕ್ಕೆ, ಅರ್ಧ ಪಾಲಿಗೆ ಕೊಡ್ತೀನಿ. ಆ ರೈಲ್ವೆ ಮನೇಲಿ ಮೂರು ಜನಕ್ಕೆ ಜಾಗ ಐತಾ ಅಂತ ನಿನ್ ಗಂಡನ್ನ ಕೇಳು."